ತೀರಿಕೊಂಡವಳು ಹೇಳಿದ ಎಂಟುನೂರ ಹನ್ನೆರಡು ಪದಗಳು

೧೪ ಮೇ ೧೯೫೧, ಸೋಮವಾರ

ಬೆಳಿಗ್ಗೆ ಮೂವತ್ತು ಕಾರ್ಡು ತಿದ್ದಿದೆ. 'ಉಪ್ಪು' ಮುಗಿಯಿತು. ರುಮೇನಿಯನ್, ಇಟಾಲಿಯನ್, ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್—ಐವರಲ್ಲೂ ಒಂದೇ ಮನೆತನದ ಮೂಗು. ಲ್ಯಾಟಿನ್ ತಾಯಿಯ ಈ ಮಕ್ಕಳನ್ನೆಲ್ಲ ಒಂದೇ ನಿಘಂಟಿನಲ್ಲಿ ಕೂರಿಸಲು ನಮ್ಮ ಕಡೆ ಯಾರೂ ಇನ್ನೂ ಕೈಹಾಕಿಲ್ಲ. ಮಧ್ಯಾಹ್ನ ಮಾಮಾಲಿಗಾ ತಳ ಹಿಡಿಯಿತು. ಹೆಂಡತಿ ಒತಿಲಿಯಾ ತೀರಿಕೊಂಡು ಎಂಟು ವರ್ಷವಾಗುತ್ತ ಬಂತು, ಮೆಕ್ಕೆಜೋಳದ ಹಿಟ್ಟು ಕಲಕುವುದು ಇನ್ನೂ ಕೈಹತ್ತಿಲ್ಲ.

ಬುಕಾರೆಸ್ಟಿನಿಂದ ಕಾಗದ. ಅಚ್ಚು ಹಾಕುತ್ತಾರಂತೆ. ಅಟ್ ಲಾಸ್ಟ್—ಕಾಲೇಜಿನ ಇಂಗ್ಲಿಷಿನಲ್ಲಿ ಉಳಿದಿರುವ ನಾಲ್ಕು ಮಾತಿನಲ್ಲಿ ಇದೂ ಒಂದು. ಮೂವತ್ತೊಂದು ವರ್ಷದ ಕೆಲಸ. ಜೂನ್ ೧೧ಕ್ಕೆ ಕಾಮ್ರೇಡ್ ಪ್ಲೆಶೋಯಾನು ಎಂಬವರು ಬಂದು ಕಾರ್ಡುಗಳನ್ನು ಎಣಿಸಿಕೊಂಡು ಒಯ್ಯುತ್ತಾರೆ. ಹದಿನಾಲ್ಕು ಸಾವಿರದ ಮುನ್ನೂರು. ಜನವರಿಯಲ್ಲಿ ನಾನೇ ಜಂಬದಿಂದ ಬರೆದು ಕಳಿಸಿದ ಸಂಖ್ಯೆ.

ಯಾರಿಗೆ ಹೇಳಲಿ? ಎರಡು ಕೋಣೆ ಬೇರೆ ಸಂಸಾರಕ್ಕೆ ಹಂಚಿಕೆಯಾಗಿ ನನಗುಳಿದದ್ದು ಅಡುಗೆಮನೆ. ಊರು ದಾಟಲು ಪರವಾನಗಿ ಬೇಕು. ಕಿಟಕಿಯಲ್ಲಿ ಡ್ಯಾನ್ಯೂಬ್ ಕಾಣುತ್ತದೆ, ಆದರೆ ತುಂಬ ಹೊತ್ತು ನೋಡುವ ಹಾಗಿಲ್ಲ. ಆಚೆ ದಡ ಬೇರೆ ದೇಶ, ಈಗ ಶತ್ರು.

೧೬ ಮೇ

ಸಂತೆಯ ಮೀನಿನ ಸಾಲಿಗೆ ಹೋಗಿ, ಅಲ್ಲಿ ಮೀನು ಮಾರುವ ಸ್ತಾನಾಗೆ ಸುದ್ದಿ ಹೇಳಿದೆ. ಇಪ್ಪತ್ತು ವರ್ಷದಿಂದ ನದಿಯ ಪದ, ಬಲೆಯ ಪದ, ದೋಣಿಯ ಪದ ಎಲ್ಲ ಕೊಟ್ಟವಳು ಅವಳೇ. ನನ್ನದೊಂದು ನಿಯಮ—ಬಾಯಿಲ್ಲದೆ ಪದವಿಲ್ಲ. ಪ್ರತಿ ಕಾರ್ಡಿನ ಬಲಮೂಲೆಯಲ್ಲಿ ಹೇಳಿದವರ ಹೆಸರು, ಹುಟ್ಟಿದೂರು, ಕೇಳಿದ ದಿನ.

ತನ್ನ ಹೆಸರೂ ಇದೆಯೇ ಎಂದು ಕೇಳಿದಳು. ಎಂಟುನೂರ ಹನ್ನೆರಡು ಕಡೆ ಇದೆ ಎಂದೆ, ಶಾಲು ಹೊದಿಸುವವನ ಹಾಗೆ.

"ಹುಟ್ಟಿದೂರು?"

"ಕ್ಲಾದೊವೊ."

ಮೀನು ಹೆರೆಯುತ್ತಿದ್ದ ಚಾಕು ನಿಂತಿತು. ಕ್ಲಾದೊವೊ ಆಚೆ ದಡ.

"ಸರ್ಕಾರದ ಕಾಗದದಲ್ಲಿ ನಾನು ಈ ಕಡೆಯೋಳು, ಮೇಷ್ಟ್ರೇ. ಗಂಡ ಹಾಗೆ ಬರೆಸಿದ್ದ. ನಿಜ ಹೇಳಿದ್ದು ನಿಮ್ಗೊಬ್ರಿಗೇ, ಅಷ್ಟು ಆಸೆಯಿಂದ ಕೇಳಿದ್ರಿ ಅಂತ." ದನಿ ತಗ್ಗಿಸಿದಳು. "ಅಂಥೋರ್ನ ರೈಲು ಹತ್ಸಿ ಬಟಾಬಯಲಲ್ಲಿ ಇಳಿಸ್ತಾರಂತೆ. ನಿಮ್ಮ ಪುಸ್ತಕದಲ್ಲಿ ಬಯಲಿಗೆ ಎಷ್ಟು ಮಾತಿದಾವೆ?"

ಐದು ಎಂದುಬಿಟ್ಟೆ. ಮೂರ್ಖ.

ಕಾಗದದಲ್ಲಿ ಮೀನಿನ ತಲೆ ಸುತ್ತಿ ಕೈಗಿಟ್ಟಳು. "ಚೋರ್ಬಾ ಮಾಡ್ಕೊಂಡು ಕುಡೀರಿ. ತಲೆ ಬೇಕಾಗಿರೋದು ನಿಮಗೇ."

೧೯ ಮೇ

ಅವಳ ಕಾರ್ಡು ತೆಗೆದರೆ ಎಣಿಕೆ ತಪ್ಪುತ್ತದೆ, ಎಲ್ಲಿ ಹೋದವು ಎನ್ನುತ್ತಾರೆ. ಅವಳ ಮೂಲೆಗಳನ್ನಷ್ಟೇ ಕತ್ತರಿಸಿದರೆ ಅನುಮಾನ. ಎಲ್ಲರ ಮೂಲೆ ಕತ್ತರಿಸಿದರೆ ಅದು ನಿಘಂಟಲ್ಲ, ಜಗಲಿಹರಟೆ. ಕಳಿಸುವುದೇ ಇಲ್ಲ ಎಂದರೆ ಯಾಕೆ ಎಂಬ ಪ್ರಶ್ನೆ. ದೇರ್ ಈಸ್ ನೋ... ಮುಂದಿನ ಪದ ಮರೆತಿದೆ. ದಾರಿ ಅನ್ನುವ ಪದವೇ.

೩ ಜೂನ್, ಭಾನುವಾರ

ಆರುನೂರು ಕಾರ್ಡು ಮತ್ತೆ ಬರೆದಾಯಿತು. ಹೆಬ್ಬೆರಳು ಊದಿದೆ. ಸ್ತಾನಾ ಇದ್ದಲ್ಲಿ ಒತಿಲಿಯಾ. ಹುಟ್ಟಿದೂರು ಇದೇ ತುರ್ನು ಸೆವೆರಿನ್. ಸತ್ತವರನ್ನು ಯಾವ ರೈಲಿಗೂ ಹತ್ತಿಸಲಾಗದು. ಮೀನಿನ ಸಾಲು ದಾಟುವಾಗ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದವಳ ಬಾಯಲ್ಲಿ ಈಗ ಗಂಡುಮೀನು, ಹೆಣ್ಣುಮೀನು, ಕರುಳು, ಕಿವಿರು. ಕ್ಷಮಿಸು ಮಾರಾಯ್ತಿ.

ಹಳೆಯವು ಒಲೆಗೆ. ಈ ಡೈರಿ ಹಿಟ್ಟಿನ ಡಬ್ಬಿಯಲ್ಲಿ.

೧೧ ಜೂನ್, ಸಂಜೆ ೬

ಪ್ಲೆಶೋಯಾನು ಬಂದ. ಪರ್ಫೆಕ್ಟ್ ಜಂಟಲ್‌ಮನ್. ವಯಸ್ಸು ಮೂವತ್ತರೊಳಗೆ, ಹೊಳೆಯುವ ಬೂಟು. ಪ್ಲಮ್ ಸಾರಾಯಿ ಕೊಟ್ಟೆ, ಕುಡಿದ. ಡಬ್ಬಗಳನ್ನು ಎಣಿಸಿದ, ಮೆಚ್ಚಿದ. ನಡುವಿನಿಂದ ಒಂದಷ್ಟು ಕಾರ್ಡು ಎಳೆದು ಓದುತ್ತ ನನ್ನ ಹೆಂಡತಿಗೆ ನದಿಯ ಪರಿಚಯ ಬಹಳವೋ ಎಂದ. ಬೆಸ್ತರ ಮಗಳು ಎಂದೆ. ತೀರಿಕೊಂಡದ್ದು ಯಾವಾಗ ಎಂದ. ನಲವತ್ಮೂರರ ಸೆಪ್ಟೆಂಬರ್ ಎಂದೆ.

ಕಾರ್ಡನ್ನು ನನ್ನ ಕಡೆ ತಿರುಗಿಸಿದ. ಒತಿಲಿಯಾ, ತುರ್ನು ಸೆವೆರಿನ್, ೭ ಅಕ್ಟೋಬರ್ ೧೯೪೭.

ಹೆಸರು ಸುಳ್ಳು ಬರೆದೆ, ಊರು ಸುಳ್ಳು ಬರೆದೆ. ಪದ ಕೇಳಿದ ದಿನವನ್ನು ತಿದ್ದಬೇಕೆಂದು ಹೊಳೆಯಲೇ ಇಲ್ಲ. ಎಂಟುನೂರ ಹನ್ನೆರಡರಲ್ಲೂ ಇದ್ದ ದಿನವನ್ನು ಇದ್ದ ಹಾಗೆ ಇಳಿಸಿದ್ದೇನೆ. ಮೂವತ್ತೊಂದು ವರ್ಷದ ಚಾಳಿ.

"ಇದನ್ನ ಹೇಳಿದೋರು ಯಾರು, ಪ್ರೊಫೆಸರ್?"

"ಯಾರೂ ಇಲ್ಲ. ನಾನೇ ಹುಟ್ಟಿಸಿದ್ದು."

"ಇವೆಲ್ಲಾನೂ?"

"ಅವಳ ಹೆಸರಲ್ಲಿರೋದು ಎಂಟುನೂರ ಹನ್ನೆರಡು. ಎಲ್ಲಾ ನಂದೇ. ಒಬ್ನೇ ಇರ್ತೀನಿ, ಹೊತ್ತು ಹೋಗಲ್ಲ."

ನಕ್ಕ. ಉಳಿದ ಹದಿಮೂರು ಸಾವಿರವನ್ನು ಇನ್ನು ಯಾರು ನಂಬಬೇಕು ಎಂದು ಬಹಳ ನಯವಾಗಿ ಕೇಳಿದ. ಅಚ್ಚಿನ ಮಾತು ಅಲ್ಲಿಗೆ ಮುಗಿಯಿತು, ಡಬ್ಬಗಳು ಇಲ್ಲೇ ಉಳಿದವು. ಇಪ್ಪತ್ತನೇ ತಾರೀಖು ಮತ್ತೆ ಬರುತ್ತಾನೆ. ಅಷ್ಟರಲ್ಲಿ ಆ ಪದಗಳನ್ನೆಲ್ಲ ಪಟ್ಟಿ ಮಾಡಿ, ಒಂದೊಂದರ ಮುಂದೆಯೂ 'ಕಲ್ಪಿತ' ಎಂದು ಬರೆದು ಸಹಿ ಹಾಕಿರಬೇಕು.

ಬಾಗಿಲಲ್ಲಿ ನಿಂತು ಹೇಳಿದ: "ಯಾವ್ದಾದ್ರೂ ಒಂದಕ್ಕೆ ಬರೆಯೋಕೆ ಮನಸ್ಸು ಬರ್ಲಿಲ್ವೋ, ಅದರ ಬಾಯಿ ಯಾರ್ದು ಅಂತ ಹೇಳ್ಬೇಕಾಗುತ್ತೆ."

೧೯ ಜೂನ್, ಮಂಗಳವಾರ

ನಿನ್ನೆ ಗಡಿಹಳ್ಳಿಗಳಿಂದ ಗಾಡಿಗಳು ಸ್ಟೇಷನ್ನಿಗೆ ಹೋದವು. ಹೊಲಿಗೆಯಂತ್ರ, ಕೋಳಿ, ಮುದುಕಿಯರು. ಯಾರನ್ನು ಎಲ್ಲಿಗೆ ಎಂದು ಕೇಳುವವರಿಲ್ಲ.

ಬೆಳಿಗ್ಗೆ ಓಡಿಹೋಗಿ ಮೀನಿನ ಸಾಲು ನೋಡಿದೆ. ಇದ್ದಳು. ಯಾರ ಜೊತೆಗೋ ತೂಕಕ್ಕೆ ಜಗಳವಾಡುತ್ತಿದ್ದಳು. ಪುಸ್ತಕ ಏನಾಯಿತು ಎಂದಳು. ಬರುವುದಿಲ್ಲ, ತಪ್ಪುಗಳಿದ್ದವು ಎಂದೆ.

ಮುಖ ಕೆಂಪಾಯಿತು. "ನಾನ್ ಹೇಳಿದ್ರಲ್ಲಿ ಒಂದೂ ತಪ್ಪಿಲ್ಲ, ಮೇಷ್ಟ್ರೇ."

"ಇಲ್ಲ," ಎಂದೆ. "ನಿಂದ್ರಲ್ಲಿ ಒಂದೂ ಇಲ್ಲ."

ಮಧ್ಯಾಹ್ನ ೩

ಇನ್ನೂರ ಆರು ಉಳಿದಿವೆ. ಮೊಟ್ಟೆಯಿಟ್ಟು ಸೊರಗಿದ ಮೀನು. ಕಲ್ಪಿತ. ಮಂಜುಗಡ್ಡೆ ಬಿರಿಯುವ ದಿನ ನದಿ ಹೊರಡಿಸುವ ಸದ್ದು—ಕಿವಿಯಾರೆ ಕೇಳಿದ್ದೇನೆ, ಅವಳೇ ದಡಕ್ಕೆ ಕರೆದೊಯ್ದು ಕೇಳಿಸಿದ್ದಳು. ಕಲ್ಪಿತ. ಒಂಟಿ ಹುಟ್ಟಿನ ದೋಣಿ. ಕಲ್ಪಿತ. ಆಚೆ ದಡದಲ್ಲಿ ಉಳಿದುಹೋದ ಒಡಹುಟ್ಟಿದವಳು. ಅದಕ್ಕೂ ಈ ನದಿಯ ಬೆಸ್ತರಲ್ಲಿ ಒಂದೇ ಪದವಿದೆ, ಉಳಿದ ನಾಲ್ಕು ಭಾಷೆಯಲ್ಲೂ ಇಲ್ಲ. ಹೇಳುವಾಗ ಸ್ತಾನಾ ಚಾಕು ಕೆಳಗಿಟ್ಟು, ಕೈ ಒರೆಸಿಕೊಂಡು, ಎರಡು ಸಲ ಹೇಳಿದಳು, ನಾನು ಸರಿಯಾಗಿ ಬರೆದುಕೊಳ್ಳಲೆಂದು. ಕಲ್ಪಿತ ಎಂದು ಬರೆದೆ. ಮುಂದಿನದು—