ಅಸುಂತಾಳ ಓಲೆ

೨ ನವೆಂಬರ್ ೧೯೫೮, ಇಂಗಮ್

ಆ ಫೋಟೊ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಇಂದು ಸತ್ತವರ ದಿನ. ಇಟಲಿಯಿಂದ ಈ ಕಬ್ಬಿನ ಸೀಮೆಗೆ ಬಂದ ಅಜ್ಜನ ಕಥೆ ಬರೆಯಲು ಅವನ ಊರು, ಹುಟ್ಟಿದ ವರ್ಷ ಬೇಕಿತ್ತು. ಅವು ಕಲ್ಲಿನ ಮೇಲಿರುತ್ತವೆಂದು ಫಿಲೊಮೆನಾ ಅತ್ತೆಯ ಜೊತೆ ಸಮಾಧಿ ತೊಳೆಯಲು ಹೋದೆ. ಅಮ್ಮ ಪ್ರತಿವರ್ಷ ನಸುಕಿನಲ್ಲೇ ಒಬ್ಬಳೇ ಹೋಗಿಬರುತ್ತಾಳೆ, ನನ್ನನ್ನು ಕರೆದೊಯ್ದವಳಲ್ಲ.

ಅಜ್ಜನ ಪಕ್ಕದ ಪುಟ್ಟ ಕಲ್ಲಿನ ಮೇಲೆ ಆಗಲೇ ಹೂವಿತ್ತು. ಕಲ್ಲಿನಲ್ಲಿ ನನ್ನ ಹೆಸರು: ಅಸುಂತಾ ಗ್ರಾಸ್ಸೊ. ನಾನು ಹುಟ್ಟುವುದಕ್ಕೆ ಹಿಂದಿನ ವರ್ಷವೇ ಈ ಅಸುಂತಾ ತೀರಿಕೊಂಡಿದ್ದಾಳೆ.

"ಯಾರತ್ತೆ ಇವ್ಳು?"

"ನಿನ್ನಕ್ಕ ಕಣೇ. ಅಜ್ಜಿ ಹೆಸ್ರು, ಹಾಗೇ ಬಿಟ್ಬಿಡೋಕಾಗತ್ತಾ? ಅವ್ಳು ಹೋದ್ಳು, ನೀನ್ ಬಂದೆ, ನಿಂಗಿಟ್ರು. ನಮ್ಮಲ್ಲಿ ಎಲ್ರೂ ಮಾಡೋದೇ ಹಾಗೆ. ಬಾಯ್ ಬಿಟ್ಕೊಂಡು ನಿಲ್ಬೇಡ, ನೀರು ಹಾಕು."

ಹಾಕಿದೆ. ಕಲ್ಲಿಗೆ ಕೂರಿಸಿದ್ದ ಪಿಂಗಾಣಿ ಫೋಟೊ ಒರೆಸಿದೆ. ಅಳು ಬರಲಿಲ್ಲ. ಏನೂ ಬರಲಿಲ್ಲ. ಮಗುವಿನ ಕಿವಿಯಲ್ಲಿ ಎಲೆಯಾಕಾರದ ಓಲೆ, ಈಗ ನನ್ನ ಕಿವಿಯಲ್ಲಿರುವುದೇ. ಅಸುಂತಾ ಹುಟ್ಟಿದ ಖುಷಿಗೆ ಅಜ್ಜ ಕಬ್ಬು ಕಡಿದ ದುಡ್ಡಿನಲ್ಲಿ ಮಾಡಿಸಿದ್ದು ಎಂದು ಅಮ್ಮ ಹೇಳುತ್ತಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ.

ಊಟಕ್ಕೆ ಅಮ್ಮ "ಅಸುಂತಾ" ಎಂದು ಕೂಗಿದಳು. ಯಾರು ಹೋಗುತ್ತಾರೋ ನೋಡೋಣವೆಂದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಯಾರೂ ಏಳಲಿಲ್ಲ. ಆಮೇಲೆ ನಾನೇ ಎದ್ದು ಹೋದೆ.