ನೋಟಿನ ಬಾಗಿಲು

ಎಲ್ಬೆ ನದಿಯ ದಂಡೆ,
ಫೆಬ್ರವರಿ ಮೂವತ್ತು, 2391

ಹಿಂದಿನವರಿಗೆ ಶರಣು.

ತಾರೀಖು ನೋಡಿ ನಗಬೇಡಿ, ನಮ್ಮ ಫೆಬ್ರವರಿಗೆ ಮೂವತ್ತು ದಿನ. ನನ್ನ ಕನ್ನಡ ನಿಮಗೆ ಓರೆಕೋರೆ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಸೆಕೆ ತಾಳಲಾರದೆ ನಮ್ಮ ಹಿರಿಯರು ಧಾರವಾಡದ ಕಡೆಯಿಂದ ಇಲ್ಲಿಗೆ ಬಂದರು. ಇಲ್ಲಿದ್ದ ಜರ್ಮನರು ಅದೇ ಸೆಕೆಗೆ ಇನ್ನೂ ಉತ್ತರಕ್ಕೆ ಸರಿದಿದ್ದರು. ಅವರ ಹೊಲದಲ್ಲಿ ನಾವು ಜೋಳ ಬೆಳೆಯುತ್ತೇವೆ. ಅವರ ಭಾಷೆ ಮಾತ್ರ ನಮಗೆ ಅರ್ಧಂಬರ್ಧ.

ಒಂದೇ ಒಲೆಯ ಅಡುಗೆ ಉಣ್ಣುವ ಊರನ್ನು ನಾವು ‘ಕೂಡು’ ಎನ್ನುತ್ತೇವೆ. ಈಗ ಒಂಬತ್ತು ಕೂಡುಗಳು ಸೇರಿ ಒಂದು ನಾಡಾಗಲು ಹೊರಟಿವೆ. ನಾಡು ಕಟ್ಟುವುದು ಹೇಗೆಂದು ಈ ಮಣ್ಣಿನ ಹಳಬರನ್ನೇ ಕೇಳೋಣ ಎಂದು ಜರ್ಮನರ ಕಥೆ ಓದಲು ಕೂತೆವು. ಎಂಥ ಜನ! ಮೂರು ಡಜನ್‌ಗೂ ಮಿಕ್ಕಿ ರಾಜ್ಯಗಳು. ಮೊದಲು ನಡುವಿನ ಸುಂಕದ ಕಟ್ಟೆ ಕಿತ್ತರು. 1848ರಲ್ಲಿ ಒಂದು ಚರ್ಚಿನಲ್ಲಿ ಸಭೆ ಕೂಡಿ ಸಂವಿಧಾನ ಬರೆದು, ಆ ರಾಜ್ಯಗಳಲ್ಲೊಂದಾದ ಪ್ರಷ್ಯಾದ ರಾಜನಿಗೆ ಇಡೀ ನಾಡಿನ ಕಿರೀಟ ಕೊಡಲು ಹೋದರೆ ಅವನು ಒಲ್ಲೆ ಎಂದ. ಜನ ಕೊಟ್ಟದ್ದು ಅವನಿಗೆ ಕೀಳು. ಕಡೆಗೆ ಯುದ್ಧ ಮಾಡಿ 1871ರಲ್ಲಿ ಒಂದಾದರು, ಅದನ್ನು ಸಾರಿದ್ದು ಫ್ರಾನ್ಸಿನ ಅರಮನೆಯಲ್ಲಿ! 1918ರಲ್ಲಿ ಚಕ್ರವರ್ತಿ ಗಡಿ ದಾಟಿ ಓಡಿದ. ಮರುವರ್ಷ ಹೆಂಗಸರೂ ಮತ ಹಾಕಿದರು. ಆಗ ವೈಮರ್ ಊರಿನಲ್ಲಿ ಬರೆದ ಸಂವಿಧಾನ ನಮಗೆ ಬಹಳ ಹಿಡಿಸಿತು. ನಮ್ಮ ನಾಡಿಗೂ ಅದೇ ಇರಲಿ ಎಂದು ಅದರ ಒಂದು ಸಂಕ್ಷಿಪ್ತ ಪ್ರತಿಯನ್ನು ಕನ್ನಡಕ್ಕೆ ಇಳಿಸಿದೆವು.

ಎಡವಿದ್ದು ಒಂದೇ ಪದದಲ್ಲಿ. ಅಧ್ಯಕ್ಷ ‘ನೋಟ್’ ಆಜ್ಞೆ ಹೊರಡಿಸಬಹುದು ಎಂದಿತ್ತು. ನೋಟ್ ಅಂದರೆ ನೋಟು ಅಂದುಕೊಂಡೆವು. ಆ ಕಾಲದಲ್ಲಿ ಅವರು ಕಂತೆಗಟ್ಟಲೆ ನೋಟು ಅಚ್ಚು ಹಾಕಿದ್ದೂ ಉಂಟಲ್ಲ! ಸಭೆಯ ಹಿರಿಯಳು ನಿಂಗವ್ವತ್ತಿ, “ನಮ್ಮಲ್ಲಿ ರೊಕ್ಕನ ಇಲ್ಲ, ನೋಟಿನ ಹುಕುಂ ಇದ್ರ ಏನ್ ಹೋತು? ಇರ್ಲಿ ಬಿಡ್ರಿ” ಎಂದಳು. ಇರಿಸಿದೆವು.

ನಮ್ಮ ಸಭೆ ನಡೆಯುವುದು ನದಿ ಎಡಕ್ಕೆ ಹೊರಳುವಲ್ಲಿರುವ ಹಳೆಯ ಶಾಲೆಯಲ್ಲಿ. ಅದರ ಹಿಂಬಾಗಿಲ ಮೇಲೂ ‘ನೋಟ್’ ಎಂಬ ಹಸಿರು ಫಲಕವಿದೆ, ಓಡುವ ಮನುಷ್ಯನ ಚಿತ್ರ ಸಹಿತ. ಅದು ಖಜಾನೆಯ ಬಾಗಿಲು, ಕಳ್ಳ ರೊಕ್ಕ ಹೊಡೆದು ಓಡುತ್ತಿದ್ದಾನೆ ಎಂದು ನಗುತ್ತಿದ್ದೆವು. ಹೋದ ವಾರ ಸಭೆ ನಡೆದಿದ್ದಾಗ ಶಾಲೆಯ ಅಡುಗೆಮನೆಗೆ ಬೆಂಕಿ ಬಿತ್ತು. ಹೊಗೆಯಲ್ಲಿ ಕೈಗೆ ಸಿಕ್ಕ ಆ ಬಾಗಿಲು ನೂಕಿದರೆ ಖಜಾನೆ ಇರಲಿಲ್ಲ, ಬಯಲಿತ್ತು. ಬದುಕಿದೆವು. ನೋಟ್ ಅಂದರೆ ಆಪತ್ತು ಎಂದು ನನಗೆ ಹೊಳೆದದ್ದು ಅಲ್ಲಿ ಕೆಮ್ಮುತ್ತ ನಿಂತಾಗ.

ಹಾಗಾದರೆ ಅದು ಆಪತ್ತಿನ ಆಜ್ಞೆ! ಹುಡುಕಿ ಓದಿದೆ. ಆಪತ್ತು ಬಂದಾಗ ಅಧ್ಯಕ್ಷನೊಬ್ಬನೇ ಜನರ ಹಕ್ಕುಗಳನ್ನು ತಾತ್ಕಾಲಿಕವಾಗಿ ಎತ್ತಿಡಬಹುದಂತೆ. ಬರಬರುತ್ತ ನಾಡು ಅಂಥ ಆಜ್ಞೆಗಳಿಂದಲೇ ನಡೆಯಿತು. 1933ರಲ್ಲಿ ಎತ್ತಿಟ್ಟ ಹಕ್ಕುಗಳು ಆಗ ಶುರುವಾದ ಸರ್ವಾಧಿಕಾರ ಹನ್ನೆರಡು ವರ್ಷದ ಮೇಲೆ ಮುಗಿಯುವವರೆಗೂ ಕೆಳಗಿಳಿಯಲಿಲ್ಲ.

ಸಭೆಗೆ ಹೇಳಿದೆ. ಹೆದರುತ್ತಾರೆ ಅಂದುಕೊಂಡರೆ, ಬೆಂಕಿ ಕಂಡ ಜನಕ್ಕೆ ಅದು ಇನ್ನಷ್ಟು ಹಿಡಿಸಿಬಿಟ್ಟಿದೆ. “ದ್ಯಾಮಣ್ಣನ ಕೈಯಾಗ ಕೊಡೂದಲ್ಲೇನ? ಆಂವ ಒಂದ್ ಇರುವಿ ತುಳಿದಾಂವಲ್ಲ” ಎನ್ನುತ್ತಾರೆ. ನಿಜವೇ. ಅಧ್ಯಕ್ಷನಾಗಲಿರುವ ದ್ಯಾಮಣ್ಣ ನನ್ನ ಒಡಹುಟ್ಟಿದ ಅಣ್ಣ. ಹೊಗೆಯಿಂದ ನನ್ನನ್ನು ಎಳೆದು ತಂದವನೂ ಅವನೇ. ನಾಳೆ ಈ ಸಂವಿಧಾನಕ್ಕೆ ಮತ. ಅವನ ಎದುರು ಕೈ ಎತ್ತುವುದನ್ನು ನೆನೆದರೆ ಸಂಕಟವಾಗುತ್ತದೆ.

ವೈಮರ್ ಕಾಲದವರ ಮೊಮ್ಮಕ್ಕಳು, ಮರಿಮಕ್ಕಳು ನಿಮ್ಮ ಕಾಲದಲ್ಲಿ ಬದುಕಿದ್ದಾರೆ. ದಯವಿಟ್ಟು ಅವರನ್ನು ಕೇಳಿ: ‘ತಾತ್ಕಾಲಿಕ’ ಎಂದಾಗ ‘ಎಲ್ಲಿಯವರೆಗೆ?’ ಎಂದವರು ಯಾರಾದರೂ ಇದ್ದರೇ? ಆಮೇಲೆ ಮನೆಯವರು ಅವರ ಜೊತೆ ಮಾತು ಬಿಟ್ಟರೇ? ಉತ್ತರವನ್ನು ಗಾಜಿನ ಭರಣಿಗೆ ಹಾಕಿ, ಆ ಶಾಲೆಯ ಹಿಂಬಾಗಿಲ ಹೊಸ್ತಿಲ ಕೆಳಗೆ ಹೂಳಿ.

ನೀವು ಬರೆದಿದ್ದರೆ ಅದು ಆಗಲೇ ಅಲ್ಲಿರಬೇಕು. ಬೆಳಿಗ್ಗೆ ಅಗೆದು ನೋಡಿದೆ, ಬರೀ ಮಣ್ಣು. ನಿಮಗಿನ್ನೂ ಪುರುಸೊತ್ತಾಗಿಲ್ಲ ಅಂದುಕೊಂಡಿದ್ದೇನೆ. ನಾಳೆ ಸಭೆಗೆ ಮುಂಚೆ ಮತ್ತೊಮ್ಮೆ ಅಗೆಯುತ್ತೇನೆ. ಸಿಗದಿದ್ದರೆ ನಾನೇ ಎದ್ದು ನಿಂತು ಕೇಳುತ್ತೇನೆ, ಎಲ್ಲಿಯವರೆಗೆ ಅಣ್ಣಾ ಎಂದು.

ನಿಮ್ಮ ಮುಂದಿನವಳು,
ತುಂಗವ್ವ ಹಲಗತ್ತಿ