ಕೋಟು ಇಲ್ಲಿದೆ, ಅಮ್ಮ ಅಲ್ಲಿದ್ದಾಳೆ

ಮಾನ್ಯ ನಾಗರಿಕ ರಕ್ಷಣಾ ನಿರ್ದೇಶಕರೇ,

ತಮ್ಮ ಕಾರಣ ಕೇಳಿ ನೋಟಿಸು ಕೈಸೇರಿದೆ. ಕಳೆದ ವಾರ ನನ್ನ ಲಾಂಡ್ರಿಯ ನೆಲಮಾಳಿಗೆಯಲ್ಲಿ ಅಣುದಾಳಿಯ ತಾಲೀಮು ನಡೆಯುತ್ತಿದ್ದಾಗ ನಾನು ‘ಶತ್ರುರಾಷ್ಟ್ರದೊಂದಿಗೆ ದೂರವಾಣಿ ಸಂಪರ್ಕ ಸಾಧಿಸಿ, ಸಂದರ್ಭದ ಗಾಂಭೀರ್ಯಕ್ಕೆ ಭಂಗ ತಂದಿದ್ದೇನೆ’ ಎಂದು ಅದರಲ್ಲಿ ಬರೆದಿದೆ. ಒಪ್ಪಿದೆ. ಸಣ್ಣದೊಂದು ತಿದ್ದುಪಡಿ ಮಾತ್ರ: ಫೋನ್ ಮಾಡಿದ್ದು ನಾನಲ್ಲ, ಶತ್ರುರಾಷ್ಟ್ರವೇ. ಆ ಶತ್ರುರಾಷ್ಟ್ರಕ್ಕೆ ಎಪ್ಪತ್ತೆಂಟು ವರ್ಷ, ಎರಡೂ ಮಂಡಿಗಳಲ್ಲಿ ನೋವು, ಮತ್ತು ಅದು ನನ್ನ ಹೆತ್ತ ತಾಯಿ. ನೀವು ಸೇತುವೆ ಮುಚ್ಚಿದ್ದರಿಂದ ಅವಳು ಆಚೆ ದಡದಲ್ಲಿ ಸಿಕ್ಕಿಬಿದ್ದಿದ್ದಾಳೆ. ಅವಳನ್ನು ಈಚೆಗೆ ಬಿಡಿ ಎಂದು ಅರ್ಜಿಯ ಮೇಲೆ ಅರ್ಜಿ ಹಾಕಿದೆ, ಕಲ್ಲಿನ ಮೇಲೆ ನೀರು ಸುರಿದಂತಾಯಿತು. ನೋಟಿಸು ಕಳಿಸುವುದಕ್ಕಾದರೆ ನಿಮ್ಮ ಕಚೇರಿಯಲ್ಲಿ ಕಾಗದವೂ ಇದೆ, ಮೊಹರೂ ಇದೆ, ಮನೆಬಾಗಿಲಿಗೆ ಬರುವ ಜವಾನನೂ ಇದ್ದಾನೆ. ಆದ್ದರಿಂದ ಈ ಸಲ ನಿಮಗೊಬ್ಬರಿಗೇ ಬರೆಯದೆ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಈ ಲಾಂಡ್ರಿ ಕಟ್ಟಿದವಳು ಅಮ್ಮ. ಹಳೆಯದೊಂದು ಮಷೀನು, ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಶುರು ಮಾಡಿದಳು. ದೊಡ್ಡವಳಾದ ನಾನು ಅಂಗಡಿಗೇ ಅಂಟಿಕೊಂಡೆ. ತಂಗಿ ನದಿಯಾಚೆಯ ಔಷಧಿ ಅಂಗಡಿಯವನನ್ನು ಮೆಚ್ಚಿ ಮದುವೆಯಾದಳು. ಆಗ ಸೇತುವೆಯೆಂದರೆ ಬರಿಯ ಸೇತುವೆ. ನಡುಮಧ್ಯೆ ಒಂದು ಬಿಳಿ ಗೆರೆ, ಪಕ್ಕದಲ್ಲಿ ಆಕಳಿಸುತ್ತ ನಿಂತ ಒಬ್ಬ ಪೇದೆ, ಅಷ್ಟೇ. ಆರು ತಿಂಗಳು ನನ್ನ ಮನೆ, ಆರು ತಿಂಗಳು ತಂಗಿಯ ಮನೆ ಎಂದು ಅಮ್ಮ ತಾನೇ ಸರದಿ ಹಾಕಿಕೊಂಡಳು. “ಇಬ್ಬರಿಗೂ ಸಮವಾಗಿ ಕಾಟ ಕೊಡ್ಬೇಕಲ್ವೇನೇ” ಎನ್ನುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಆ ಸರದಿ ಒಂದು ದಿನವೂ ಹಿಂದುಮುಂದಾದದ್ದಿಲ್ಲ. ಅವಳಿಗೆ ಗೊತ್ತಿದ್ದ ಶಾಸ್ತ್ರ ಒಂದೇ, ಹೇಳಿದ ದಿನಕ್ಕೆ ಬಟ್ಟೆ ಕೊಡಬೇಕು. ಮಳೆ ಬರಲಿ, ಕರೆಂಟು ಹೋಗಲಿ, ಗುರುವಾರ ಅಂದರೆ ಗುರುವಾರ. ಅಂಥವಳು ಈ ವರ್ಷ ನನ್ನ ಮನೆಗೆ ಬರಬೇಕಾದ ದಿನ ಹತ್ತಿರವಾಗುತ್ತಿದ್ದಂತೆ ನೀವು ಬಿಳಿ ಗೆರೆಯ ಮೇಲೆ ಮುಳ್ಳುತಂತಿ ಎಳೆದಿರಿ.

ಯಾಕೆ ಎಳೆದಿರಿ ಎಂಬುದನ್ನು ಟೀವಿಯಲ್ಲಿ ನಕಾಶೆ ತೋರಿಸಿ ವಿವರಿಸಿದ್ದೀರಿ. ನಾನೂ ಇಸ್ತ್ರಿ ಬದಿಗಿಟ್ಟು ನೋಡಿದೆ. ಆಚೆಯವರು ಅಣುಬಾಂಬು ಮಾಡಿದ್ದು ನಮ್ಮ ಹೆದರಿಕೆಯಿಂದ. ನಾವು ಮಾಡಿದ್ದು ಅವರ ಹೆದರಿಕೆಯಿಂದ. ಹೋದ ವರ್ಷದ ತನಕ ನಮ್ಮ ಹೆಗಲ ಮೇಲೆ ಕೈಹಾಕಿಕೊಂಡಿದ್ದ ಬೆಟ್ಟದಾಚೆಯ ದೇಶ ಈ ವರ್ಷ ಅವರ ಹೆಗಲಿಗೆ ಕೈ ಬದಲಿಸಿ, ತನ್ನದೂ ಒಂದಷ್ಟು ಕ್ಷಿಪಣಿಗಳನ್ನು ತಂದು ಆ ದಡದಲ್ಲಿ ಸಾಲಾಗಿ ನಿಲ್ಲಿಸಿತು. ಇಂಥ ಉಸಾಬರಿಯೇ ಬೇಡ ಎನ್ನುತ್ತಿದ್ದ ಇನ್ನೊಂದು ದೇಶ ಇದನ್ನು ಕಂಡು ತಾನೂ ಮಾಡುತ್ತೇನೆಂದು ಹೊರಟಿದೆ. ಹೀಗೆ ಎಲ್ಲರೂ ಹೆದರಿ ಎಲ್ಲರನ್ನೂ ಹೆದರಿಸುತ್ತಿರುವುದರಿಂದಲೇ ಶಾಂತಿ ಉಳಿದಿದೆ, ಇದರ ಹೆಸರು ಬಲದ ಸಮತೋಲನ ಎಂದಿರಿ. ಸರಿ, ಇವನ್ನೆಲ್ಲ ಇಳಿಸುವುದು ಯಾವಾಗ? ಅವರು ಇಳಿಸಿದ ಮೇಲೆ ನಾವು. ನಾವು ಇಳಿಸಿದ ಮೇಲೆ ಅವರು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯನ್ನು ಇಷ್ಟು ದಿನ ನಾನು ತಮಾಷೆ ಎಂದುಕೊಂಡಿದ್ದೆ. ಅದು ರಕ್ಷಣಾ ನೀತಿ ಎಂದು ಗೊತ್ತಿರಲಿಲ್ಲ.

ಇನ್ನೊಂದು ಸಂದೇಹ. ಈ ನದಿ ಎಷ್ಟು ಅಗಲ ಎಂದು ನಿಮ್ಮಲ್ಲಿ ಯಾರಾದರೂ ದಡದಲ್ಲಿ ನಿಂತು ನೋಡಿದ್ದೀರಾ? ಆಚೆಯ ಇಟ್ಟಿಗೆ ಭಟ್ಟಿಗೆ ಬೆಂಕಿ ಹಾಕಿದ ದಿನ ನನ್ನ ತಾರಸಿಯ ಮೇಲೆ ಒಣಗುತ್ತಿರುವ ಆಸ್ಪತ್ರೆಯ ಬಿಳಿ ಬೆಡ್‌ಶೀಟುಗಳೆಲ್ಲ ಬೂದುಬಣ್ಣಕ್ಕೆ ತಿರುಗುತ್ತವೆ, ಮತ್ತೆ ಒಗೆಯಬೇಕು. ಇಟ್ಟಿಗೆ ಸುಟ್ಟ ಹೊಗೆಯೇ ಇಷ್ಟು ಸಲೀಸಾಗಿ ಬರುವಾಗ, ಊರು ಸುಟ್ಟ ಹೊಗೆ ಬಿಳಿ ಗೆರೆಯ ಹತ್ತಿರ ನಿಂತು ಗುರುತಿನ ಚೀಟಿ ತೋರಿಸಿ ಅಪ್ಪಣೆ ಕೇಳುತ್ತದೆಯೇ?

ಇದಕ್ಕೆಲ್ಲ ನಿಮ್ಮ ಬಳಿ ಇರುವ ಪರಿಹಾರ ನನ್ನ ನೆಲಮಾಳಿಗೆ. ‘ಅಣು ಆಶ್ರಯತಾಣ, ನೂರಿಪ್ಪತ್ತು ಜನ’ ಎಂಬ ಹಳದಿ ಫಲಕವನ್ನು ಬಾಗಿಲಿಗೆ ಹೊಡೆದು ಹೋದಿರಿ. ಅಲ್ಲಿ ನಾಲ್ಕು ಮಷೀನುಗಳಿವೆ, ಒಂದು ಬಾಯ್ಲರ್ ಇದೆ, ಸೋಡಾಪುಡಿಯ ಡ್ರಮ್ಮುಗಳಿವೆ. ಫುಟ್‌ಪಾತಿನ ಮಟ್ಟಕ್ಕೆ ಒಂದು ಕಿಟಕಿ ಇದೆ, ಅದರಲ್ಲಿ ಓಡಾಡುವವರ ಕಾಲು ಮಾತ್ರ ಕಾಣುತ್ತದೆ. ಅದಕ್ಕೆ ಕಪ್ಪು ಬಣ್ಣ ಬಳಿಯಿರಿ, ಅಣುಬಾಂಬಿನಿಂದ ರಕ್ಷಣೆ ಸಿಗುತ್ತದೆ ಎಂದರು ನಿಮ್ಮವರು. ಬಳಿದೆ. ಈಗ ಕಾಲೂ ಕಾಣುವುದಿಲ್ಲ.

ತಾಲೀಮಿನ ದಿನ ಬೆಳಿಗ್ಗೆ ಸೈರನ್ ಕೂಗಿತು. ‘ಅತ್ಯಗತ್ಯ ವಸ್ತುಗಳೊಂದಿಗೆ ಎಲ್ಲರೂ ಲಾಂಡ್ರಿಗೆ ತೆರಳಬೇಕು’ ಎಂದು ಮೈಕಿನಲ್ಲಿ ಸಾರಿದಿರಿ. ನಮ್ಮ ಬೀದಿಯವರು ಹುಟ್ಟಿದಾರಭ್ಯ ಲಾಂಡ್ರಿಗೆ ಬರಿಗೈಯಲ್ಲಿ ಬಂದವರಲ್ಲ. ಎಲ್ಲರೂ ಮಾಸಿದ ಬಟ್ಟೆಯ ಗಂಟು ಹೊತ್ತುಕೊಂಡು ಬಂದರು. ಎದುರಿನ ಕ್ಷೌರದಂಗಡಿಯವನು ಅಂಗಡಿಯ ಟವೆಲ್ಲುಗಳನ್ನೆಲ್ಲ ತಂದ. “ಅತ್ಯಗತ್ಯ ಅಂದ್ರಲ್ಲಕ್ಕಾ, ಟವೆಲ್ ಇಲ್ದೆ ನಾನು ಗಡ್ಡ ಹೆರೆಯೋದು ಹೇಗೆ?” ಎಂದ. ನಿವೃತ್ತ ಮೇಷ್ಟ್ರು ಮನೆಯ ಅಷ್ಟೂ ಪರದೆಗಳನ್ನು ಬಿಚ್ಚಿಕೊಂಡು ಬಂದಿದ್ದರು.

“ಇದೇನು ಮೇಷ್ಟ್ರೇ, ಯುದ್ಧಕ್ಕೆ ಪರದೆ?” ಎಂದೆ.

“ಹೇಗೂ ಬರ್ತಾ ಇದ್ನಲ್ಲಮ್ಮಾ. ಬಾಂಬು ಬೀಳ್ದೆ ಹೋದ್ರೆ ಇದನ್ನ ಮತ್ತೊಂದ್ಸಲ ಹೊತ್ಕೊಂಡು ಬರ್ಬೇಕಲ್ಲ” ಎಂದರು.

ನಿಮ್ಮ ತಪಾಸಣಾಧಿಕಾರಿ ತಲೆ ಎಣಿಸಲು ಹೋಗಿ ಸೋತರು. ಗಂಟುಗಳು ಸುರಕ್ಷಿತವಾಗಿ ಒಳಗೆ ಕುಳಿತಿದ್ದವು, ಜನ ಮೆಟ್ಟಿಲ ಮೇಲೆ ನಿಂತಿದ್ದರು.

ಆಗಲೇ ಗೋಡೆಯ ಫೋನು ಬಡಿದುಕೊಂಡಿದ್ದು. ಸೇತುವೆ ಮುಚ್ಚಿದ ನೀವು ಟೆಲಿಫೋನು ತಂತಿ ಕತ್ತರಿಸುವುದನ್ನು ಮರೆತಿದ್ದೀರಿ, ದಯವಿಟ್ಟು ಈಗ ನೆನಪು ಮಾಡಿಕೊಳ್ಳಬೇಡಿ. ಅಮ್ಮನ ಫೋನಾದರೆ ನಾನು ಸ್ಪೀಕರ್ ಹಾಕುತ್ತೇನೆ, ಕಿವಿಗಿಟ್ಟುಕೊಂಡರೆ ಕಿವಿ ಉಳಿಯುವುದಿಲ್ಲ.

“ಎಲ್ಲಿದ್ದೀಯೇ?” ಎಂದಳು ಅಮ್ಮ.

“ನೆಲಮಾಳಿಗೇಲಮ್ಮಾ. ಸೈರನ್ ಆಯ್ತು, ತಾಲೀಮು ನಡೀತಿದೆ.”

“ಅಯ್ಯೋ, ಇಲ್ಲೂ ಅದೇ ಕಣೇ! ಅಳಿಯಂದ್ರ ಔಷಧಿ ಗೋಡೌನಲ್ಲಿ ಕೂರ್ಸಿದ್ದಾರೆ. ಕೆಮ್ಮಿನ ಸಿರಪ್ಪಿನ ವಾಸನೆಗೇ ಅರ್ಧ ಜೀವ ಹೋಯ್ತು. ಅದ್ಸರಿ, ನಿಮ್ಮ ಮೇಲೆ ಬಾಂಬು ಹಾಕೋರು ಯಾರಂತೆ?”

“ನೀವೇ ಅಂತಮ್ಮಾ.”

“ನಾವಾ? ನೀವು ಹಾಕ್ತೀರಿ ಅಂತಲ್ವಾ ಇಲ್ಲಿ ನಮ್ಮನ್ನ ಕೂರ್ಸಿರೋದು!”

ಮೇಷ್ಟ್ರು ಕಿಸಕ್ಕೆಂದರು. ಆಚೆ ಗೋಡೌನಿನಲ್ಲೂ ಯಾರೋ ನಕ್ಕಿದ್ದು ಕೇಳಿಸಿತು.

“ಯಾರು ನಕ್ಕಿದ್ದು, ಮೇಷ್ಟ್ರಾ? ನಿಮ್ಮನೆ ಪರದೆ ಒಗೆಸಿ ಎಷ್ಟು ವರ್ಷ ಆಯ್ತ್ರೀ?”

“ಇವತ್ತೇ ತಂದಿದ್ದೀನಮ್ಮಾ” ಎಂದು ಮೇಷ್ಟ್ರು ಮೆಟ್ಟಿಲ ಮೇಲಿಂದ ಕೂಗಿದರು.

ಅಲ್ಲಿಗೆ ಮುಗಿಯಿತು. ಈ ದಡದ ಆಶ್ರಯತಾಣವೂ ಆ ದಡದ ಆಶ್ರಯತಾಣವೂ ಒಂದೇ ಫೋನಿನಲ್ಲಿ ಬಿದ್ದು ಬಿದ್ದು ನಕ್ಕವು. ಗಾಂಭೀರ್ಯಕ್ಕೆ ಭಂಗ ಬಂದದ್ದು ಅಲ್ಲಿ. ನಿಮ್ಮ ಅಧಿಕಾರಿ ಬರೆದುಕೊಂಡದ್ದೂ ಅಲ್ಲಿಯವರೆಗೆ ಮಾತ್ರ. ಆಮೇಲಿನದನ್ನು ನಾನು ಬರೆಯುತ್ತೇನೆ, ದಾಖಲೆಗೆ ಸೇರಿಸಿಕೊಳ್ಳಿ.

“ನೀನು ಬರೋ ದಿನ ದಾಟಿಹೋಯ್ತಲ್ಲಮ್ಮಾ, ಯಾವಾಗ ಬರ್ತೀಯ?” ಎಂದೆ.

ಅಮ್ಮನ ದನಿ ಇಳಿಯಿತು. “ಬಿಟ್ರೆ ಈಗ್ಲೇ ಬರ್ತೀನಿ. ಆದ್ರೆ ನಿನ್ನ ತಂಗಿ ಮಕ್ಕಳು ಸೆರಗು ಬಿಡ್ತಿಲ್ಲ ಕಣೇ. ‘ಅಜ್ಜಿ, ನೀನಿಲ್ಲಿ ಇರೋತನಕ ದೊಡ್ಡಮ್ಮನ ಊರಿನೋರು ಹಾಕಲ್ಲ ಅಲ್ವಾ’ ಅಂತ ಕೇಳ್ತಾವೆ. ಏನು ಹೇಳ್ಲಿ?”

ಮೆಟ್ಟಿಲ ಮೇಲಿನ ನಗು ಅಲ್ಲಿಗೇ ನಿಂತಿತು. ಮಾನ್ಯರೇ, ನಿಮಗೆ ಗಾಂಭೀರ್ಯ ಬೇಕಿತ್ತಲ್ಲ, ಬೇಕಾದಷ್ಟಿತ್ತು ಆಗ. ನೀವೇ ಹೇಳಿ, ಆ ಮಕ್ಕಳಿಗೆ ನಾನು ಏನು ಹೇಳಬೇಕಿತ್ತು? ಈಚೆಯ ಕ್ಷಿಪಣಿಗಳನ್ನು ಅವರ ಅಜ್ಜಿಯೊಬ್ಬಳೇ ತಡೆದು ನಿಲ್ಲಿಸಿದ್ದಾಳೆ ಎಂದೇ? ಅಥವಾ ಅಜ್ಜಿ ಇರುವುದು ನಿಮ್ಮ ಲೆಕ್ಕಕ್ಕೇ ಇಲ್ಲ ಎಂದೇ?

ತಾಲೀಮು ಮುಗಿಯಿತು. ದಾಳಿ ಯಾವ ಗಳಿಗೆಯಲ್ಲಾದರೂ ಆಗಬಹುದು, ನಾಳೆಯೆಂಬುದನ್ನು ನಂಬಬೇಡಿ ಎಂದು ನಿಮ್ಮ ಅಧಿಕಾರಿ ಮೆಟ್ಟಿಲ ಮೇಲೆ ನಿಂತು ಎಚ್ಚರಿಸಿದರು. ಎಲ್ಲರೂ ಹೋದರು, ಅವರು ಹೋಗಲಿಲ್ಲ. ಅತ್ತಿತ್ತ ನೋಡಿ ತಮ್ಮ ಕಪ್ಪು ಕೋಟು ಬಿಚ್ಚಿದರು.

“ಕಾಲರಿನ ಈ ಕಲೆ ಹೋಗುತ್ತೇನಮ್ಮಾ?”

“ನೋಡ್ತೀನಿ. ಯಾವತ್ತಿಗೆ ಬೇಕು ಸಾರ್?”

“ಮುಂದಿನ ಗುರುವಾರಕ್ಕೆ ಖಂಡಿತಾ ಬೇಕು. ಮಗಳ ಪದವಿ ಪ್ರದಾನ ಇದೆ.”

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ನಾಳೆಯನ್ನು ನಂಬಬೇಡಿ ಎಂದ ಬಾಯಲ್ಲೇ ಮುಂದಿನ ಗುರುವಾರ ಎಂದರಲ್ಲ, ಅದು ನನಗೆ ಬಹಳ ಹಿಡಿಸಿತು. ಅಂದರೆ ನಿಮ್ಮ ಕಚೇರಿಗೂ ಮುಂದಿನ ಗುರುವಾರದ ಮೇಲೆ ನಂಬಿಕೆಯಿದೆ. ಆ ಹುಡುಗಿಗೆ ಒಳ್ಳೆಯದಾಗಲಿ. ನನ್ನ ತಂಗಿಯ ಮಕ್ಕಳಿಗೂ ಒಂದು ಗುರುವಾರ ಇರಲಿ ಎಂದು ಕೇಳಿದರೆ ಮಾತ್ರ ಅದು ದೇಶದ್ರೋಹವೇ?

ಎರಡು ದಿನ ಬಿಟ್ಟು ಅದೇ ಅಧಿಕಾರಿಯ ಸಹಿಯಿರುವ ನೋಟಿಸು ಬಂತು. ಮೈ ಉರಿಯಿತು. ನನ್ನ ಅಮ್ಮ ನಿಮ್ಮ ಮುಳ್ಳುತಂತಿಯ ಆಚೆ, ನಿಮ್ಮ ಕೋಟು ನನ್ನ ಹ್ಯಾಂಗರಿನ ಮೇಲೆ. ಪಕ್ಕದಲ್ಲೇ ಬ್ಲೀಚಿನ ಕ್ಯಾನು. ಕಪ್ಪು ಕೋಟಿನ ಮೇಲೆ ಬ್ಲೀಚು ಬಿದ್ದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಅಮ್ಮ ಬರುವ ತನಕ ಕೋಟು ಕೊಡುವುದಿಲ್ಲ, ಆದರೆ ಬ್ಲೀಚನ್ನು ಮೊದಲು ನಾನಾಗಿ ಬಳಸುವುದಿಲ್ಲ ಎಂದು ಘೋಷಿಸೋಣ ಅನ್ನಿಸಿತು. ಬಲದ ಸಮತೋಲನ ನನಗೂ ಅರ್ಥವಾಗತೊಡಗಿತ್ತು ನೋಡಿ. ಕ್ಯಾನಿನ ಮುಚ್ಚಳವನ್ನೂ ತೆಗೆದೆ. ಅಷ್ಟರಲ್ಲಿ, ಯಾರದೇ ಬಟ್ಟೆಯಾಗಲಿ ಒಮ್ಮೆ ಕೈಗೆ ಬಂದಮೇಲೆ ಅದು ನಮ್ಮ ಜವಾಬ್ದಾರಿ ಎಂದು ಅಮ್ಮ ಹೇಳುತ್ತಿದ್ದದ್ದು ನೆನಪಾಗಿ ನಾಚಿಕೆಯಾಯಿತು. ಮುಚ್ಚಳ ಹಾಕಿದೆ. ಕಲೆ ತೆಗೆದು ಇಸ್ತ್ರಿ ಮಾಡಿಟ್ಟಿದ್ದೇನೆ. ನೋಡಿದಿರಾ, ಇಳಿಸುವುದು ಅಷ್ಟೇನೂ ಕಷ್ಟವಲ್ಲ. ಆಚೆಯವರು ಮೊದಲು ಇಳಿಸಲಿ ಎಂದು ನಾನು ಕಾಯಲಿಲ್ಲ.

ನನ್ನ ಬೇಡಿಕೆ ಇಷ್ಟೇ. ಒಂದು ಬೆಳಗಿನ ಮಟ್ಟಿಗೆ ಆ ಮುಳ್ಳುತಂತಿ ಸರಿಸಿ. ಅಮ್ಮ ಈಚೆ ಬರಲಿ. ಬರುವಾಗ ಆ ಮಕ್ಕಳಿಗೆ ಏನು ಹೇಳಿ ಬರಬೇಕೆಂಬುದನ್ನು ನೀವೇ ಬರೆದುಕೊಡಿ, ನಿಮ್ಮ ಸಹಿ ಮತ್ತು ಮೊಹರಿನೊಂದಿಗೆ. ಅಜ್ಜಿ ಇಲ್ಲದಿದ್ದರೂ ಹಾಕುವುದಿಲ್ಲ ಎಂದು ಬರೆಯಲು ನಿಮ್ಮ ಕೈ ಬಾರದಿದ್ದರೆ ಅದನ್ನೂ ಊರಿಗೆ ಕೇಳುವಂತೆ ಹೇಳಿ, ನಮಗೂ ತಿಳಿಯಲಿ.

ಕೋಟು ಸಿದ್ಧವಾಗಿದೆ, ನಿಮ್ಮ ಅಧಿಕಾರಿ ಗುರುವಾರ ಬಂದು ಒಯ್ಯಲಿ. ಹೇಳಿದ ದಿನಕ್ಕೆ ಕೊಡದೇ ಇದ್ದದ್ದು ನಮ್ಮ ಮನೆಯಲ್ಲಿಲ್ಲ. ಅಮ್ಮನೊಬ್ಬಳೇ ಈ ವರ್ಷ ತಡವಾಗಿದ್ದಾಳೆ, ಅದು ಅವಳ ತಪ್ಪಲ್ಲ.

ಇಂತಿ,
ನಿಮ್ಮ ಹಳದಿ ಫಲಕದ ಆಶ್ರಯತಾಣದ ಒಡತಿ,
ಶತ್ರುರಾಷ್ಟ್ರದ ಹಿರಿಮಗಳು